ಸತ್ತ ಕೋಳಿಯನ್ನು ಬರಿಗೈಯಲ್ಲಿ ಎತ್ತಿದ್ದೇನೆ, ಈಗ ಏನು ಮಾಡಲಿ?

ಹಿತ್ತಲಕೋಳಿ (1ನೇ ದಿನ, ಬೆಳಗ್ಗೆ)

ನಮ್ಮ ಹಿತ್ತಲಲ್ಲಿ 14 ಕೋಳಿಗಳಿದ್ದವು. ಮೊನ್ನೆ ರಾತ್ರಿ ಗೂಡಿಗೆ ಸೇರಿಸುವಾಗ ಎಲ್ಲವೂ ಚೆನ್ನಾಗಿದ್ದವು. ನಿನ್ನೆ ಬೆಳಗ್ಗೆ ಬಾಗಿಲು ತೆಗೆದರೆ ಎರಡು ಸತ್ತು ಬಿದ್ದಿದ್ದವು. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಹೋಯಿತು. ಈ ಮೂರನೆಯದು ಸಾಯುವ ಮುಂಚೆ ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಾ ಕೂತಿತ್ತು. ಜುಟ್ಟು ನೇರಳೆ ಬಣ್ಣಕ್ಕೆ ತಿರುಗಿತ್ತು, ಕಣ್ಣಿನ ಸುತ್ತ ಊದಿಕೊಂಡಿತ್ತು. ಮಡಿಲಲ್ಲಿ ಇಟ್ಟುಕೊಂಡು ಬಾಯಿಗೆ ನೀರು ಬಿಟ್ಟೆ. ಮೂಗಿನಿಂದ ಲೋಳೆ ಬರುತ್ತಿತ್ತು, ಬೆರಳಲ್ಲೇ ಒರೆಸಿದೆ. ಎಂಟು ವರ್ಷದ ಮಗಳು ಪಕ್ಕದಲ್ಲೇ ಕೂತು ಅದರ ಬೆನ್ನು ಸವರುತ್ತಿದ್ದಳು. ಅವಳೇ ಹೆಸರಿಟ್ಟು ಸಾಕಿದ ಕೋಳಿ ಅದು.

ಮೂರನ್ನೂ ಬರಿಗೈಯಲ್ಲೇ ಎತ್ತಿ, ಗುಂಡಿ ತೋಡಿ ಹೂತೆ. ಹಕ್ಕಿ ಜ್ವರದ ನೆನಪು ಬಂದಿದ್ದು ರಾತ್ರಿ ಮಲಗಿದ ಮೇಲೆ. ಆಮೇಲೆ ನಿದ್ದೆ ಹತ್ತಲಿಲ್ಲ. ನಾವು ಆ ಕೋಳಿಗಳ ಮಾಂಸ ತಿಂದಿಲ್ಲ. ತಿಂದಿಲ್ಲ ಅಂದ ಮೇಲೆ ಭಯ ಇಲ್ಲ, ಅಲ್ವಾ? ಗೊತ್ತಿರುವವರು ದಯವಿಟ್ಟು ಹೇಳಿ.

ಪಶುವೈದ್ಯೆ

ಮೊದಲು ಎರಡು ಮಾತು, ಉಳಿದದ್ದು ಆಮೇಲೆ. ಉಳಿದ 11 ಕೋಳಿಗಳನ್ನು ಗೂಡಿನಿಂದ ಹೊರಗೆ ಬಿಡಬೇಡಿ. ಮಗಳನ್ನು ಅತ್ತ ಕಳಿಸಲೇಬೇಡಿ. ಈಗಲೇ ನಿಮ್ಮ ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ, "24 ಗಂಟೆಯೊಳಗೆ 14ರಲ್ಲಿ ಮೂರು ಸತ್ತಿವೆ" ಎಂದು ಹೀಗೇ, ಲೆಕ್ಕ ಸಮೇತ ಹೇಳಿ. "ಕೋಳಿಗೆ ಹುಷಾರಿಲ್ಲ" ಅಂದರೆ ಯಾರೂ ಓಡಿ ಬರುವುದಿಲ್ಲ. ಲೆಕ್ಕ ಕೇಳಿದರೆ ಬರುತ್ತಾರೆ. ಹೂತದ್ದನ್ನು ಮತ್ತೆ ಅಗೆಯಲು ಹೋಗಬೇಡಿ. ಬದುಕಿರುವ ಕೋಳಿಗಳ ಗಂಟಲಿನಿಂದ, ಗುದದಿಂದ ಹತ್ತಿಯಲ್ಲಿ ಮಾದರಿ ತೆಗೆದು ಪರೀಕ್ಷೆ ಮಾಡಬಹುದು.

ಈಗ ನಿಮ್ಮ ಪ್ರಶ್ನೆ. ತಿಂದಿಲ್ಲ ಎನ್ನುವುದರಿಂದ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ನೇರವಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. 70 ಡಿಗ್ರಿ ಬಿಸಿ ಒಳಗಿನವರೆಗೂ ತಲುಪಿದರೆ ಈ ವೈರಸ್ ಸಾಯುತ್ತದೆ. ಚೆನ್ನಾಗಿ ಬೆಂದ ಮಾಂಸದಿಂದ, ಬೆಂದ ಮೊಟ್ಟೆಯಿಂದ ಭಯವಿಲ್ಲ. ಜನರಿಗೆ ಇದು ಬರುವುದು ಅಡುಗೆಗೆ ಮುಂಚಿನ ಕೆಲಸಗಳಲ್ಲಿ. ಕಾಯಿಲೆ ಕೋಳಿಯನ್ನು ಹಿಡಿಯುವುದು, ಕೊಯ್ಯುವುದು, ಪುಕ್ಕ ಕೀಳುವುದು, ಕರುಳು ತೆಗೆಯುವುದು, ಗೂಡು ಗುಡಿಸುವುದು. ಕೋಳಿಯ ಲೋಳೆಯಲ್ಲಿ, ಹಿಕ್ಕೆಯಲ್ಲಿ ವೈರಸ್ ತುಂಬಿರುತ್ತದೆ. ಕೈಗೆ ಅಂಟುತ್ತದೆ, ಕೈ ಕಣ್ಣಿಗೆ ಮೂಗಿಗೆ ಹೋಗುತ್ತದೆ. ಒಣಗಿದ ಹಿಕ್ಕೆ ಗುಡಿಸಿದಾಗ ದೂಳಾಗಿ ಮೂಗಿಗೇ ಬರುತ್ತದೆ.

1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹಕ್ಕಿ ಜ್ವರದ ಎಚ್5ಎನ್1 ತಳಿ ಮೊದಲ ಸಲ ಮನುಷ್ಯರಿಗೆ ಬಂದಾಗ 18 ಜನರಿಗೆ ತಗುಲಿತು, 6 ಜನ ತೀರಿಕೊಂಡರು. ಮೊದಲು ಹೋದದ್ದು ಮೂರು ವರ್ಷದ ಒಂದು ಮಗು. ಕಾಯಿಲೆ ಬಿದ್ದವರನ್ನೂ ಬೀಳದವರನ್ನೂ ಹೋಲಿಸಿ ನೋಡಿದಾಗ ಕಂಡದ್ದು ಏನು ಗೊತ್ತಾ? ಕೋಳಿ ತಿಂದದ್ದಕ್ಕೂ ಕಾಯಿಲೆಗೂ ನಂಟು ಸಿಗಲಿಲ್ಲ. ಕಾಯಿಲೆಗೆ ಮುಂಚಿನ ವಾರದಲ್ಲಿ ಜೀವಂತ ಕೋಳಿ ಮಾರುವ ಮಾರುಕಟ್ಟೆಗೆ ಹೋಗಿದ್ದಕ್ಕೆ ನಂಟು ಸಿಕ್ಕಿತು. ಆ ವರ್ಷದ ಕೊನೆಯಲ್ಲಿ ಅಲ್ಲಿ 13 ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಂದರು. ಆಮೇಲೆ ಜನರಿಗೆ ಬರುವುದು ನಿಂತಿತು.

ಇನ್ನೊಂದು ಕಡೆ, ನೇರಳೆ ಜುಟ್ಟು ನೋಡಿದ ಕೂಡಲೇ ಹಕ್ಕಿ ಜ್ವರ ಅಂತ ತೀರ್ಮಾನಿಸಲೂ ಆಗದು. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಕೋಳಿಗಳಿಗೆ ಬರುವ ಇನ್ನೊಂದು ವೈರಸ್ ಕಾಯಿಲೆ. ಅದರಲ್ಲೂ ಹೀಗೇ ಸಾಲಾಗಿ ಸಾಯುತ್ತವೆ. ಇಷ್ಟು ವರ್ಷ ಕೋಳಿ ನೋಡಿದ ನನಗೇ ಕಣ್ಣಲ್ಲಿ ನೋಡಿ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಲ್ಯಾಬ್ ಹೇಳಬೇಕು. ಅಲ್ಲಿಯವರೆಗೆ ಹಕ್ಕಿ ಜ್ವರವೇ ಅಂದುಕೊಂಡು ನಡೆದುಕೊಳ್ಳಿ.

ಹಿತ್ತಲಕೋಳಿ

ಫೋನ್ ಮಾಡಿದೆ. ನಾಳೆ ಬೆಳಗ್ಗೆ ಬರುತ್ತೇವೆ ಅಂದರು. ಈಗ ನಾಲ್ಕನೆಯದು ಸತ್ತಿದೆ. ಮುಟ್ಟಿಲ್ಲ. ನನ್ನ, ಮಗಳ ಬಟ್ಟೆ ಎಲ್ಲ ಒಗೆಯಲು ಹಾಕಿದೆ. ಇಬ್ಬರೂ ತಲೆಗೆ ಸ್ನಾನ ಮಾಡಿದೆವು. ಬರೀ ಸೋಪು ಸಾಕಾ?

ಪಶುವೈದ್ಯೆ

ಸೋಪು ಸಾಕು. ಈ ವೈರಸ್ಸಿನ ಮೇಲೆ ಜಿಡ್ಡಿನ ಒಂದು ಪದರ ಇದೆ. ಸೋಪಿಗೆ ಆ ಪದರ ಕರಗಿಹೋಗುತ್ತದೆ, ಅಲ್ಲಿಗೆ ಅದರ ಆಟ ಮುಗಿಯಿತು. ಸತ್ತದ್ದನ್ನು ಅಲ್ಲೇ ಬಿಡಿ. ನಾಯಿ, ಬೆಕ್ಕು ಹೋಗದ ಹಾಗೆ ಗೂಡಿನ ಬಾಗಿಲು ಭದ್ರ ಮಾಡಿ. ಎತ್ತಲೇಬೇಕಾಗಿ ಬಂದರೆ ಕೈಗವಸು, ಎನ್95 ಮಾಸ್ಕು, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ ಹಾಕಿಕೊಂಡು, ಒಂದರೊಳಗೊಂದು ಎರಡು ಚೀಲದಲ್ಲಿ ಕಟ್ಟಿಡಿ. ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನೇ ಕೈಗೆ ಹಾಕಿ, ಕೋಳಿಯನ್ನು ಹಿಡಿದು, ಚೀಲವನ್ನು ಒಳಹೊರಗು ಮಾಡಿ ಎಳೆದುಕೊಳ್ಳಿ.

ಮೂವತ್ತು ವರ್ಷದ ಗೂಡು

ಕ್ಷಮಿಸಿ, ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. 30 ವರ್ಷದಿಂದ ಕೋಳಿ ಸಾಕಿದ್ದೇನೆ. ಸಾವಿರಾರು ಸತ್ತ ಕೋಳಿ ಎತ್ತಿದ್ದೇನೆ, ಎಲ್ಲ ಬರಿಗೈಯಲ್ಲೇ. ನನಗಾಗಲಿ ಮನೆಯವರಿಗಾಗಲಿ ಒಂದು ದಿನವೂ ಏನೂ ಆಗಿಲ್ಲ. ಆ ತಾಯಿಯನ್ನು ಸುಮ್ನೆ ಹೆದರಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಲ್ಯಾಬ್‌ಮೇಜು

ನಿಮ್ಮ ಅನುಭವ ಸುಳ್ಳಲ್ಲ. ನಿಮಗೆ ಯಾಕೆ ಏನೂ ಆಗಲಿಲ್ಲ ಅನ್ನುವುದರಲ್ಲೇ ಈ ಕಾಯಿಲೆಯ ಅರ್ಧ ಕಥೆ ಇದೆ. ನಾನು ವೈರಸ್ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಕ್ಕಿ ಜ್ವರವೂ ಒಂದು ಬಗೆಯ ಫ್ಲೂ. ಫ್ಲೂ ವೈರಸ್ ಜೀವಕೋಶದ ಒಳಗೆ ಹೋಗಬೇಕಾದರೆ ಹೊರಗೆ ಒಂದು ಕೊಕ್ಕೆಗೆ ಸಿಕ್ಕಿಕೊಳ್ಳಬೇಕು. ಈ ಕೊಕ್ಕೆ ಒಂದು ಬಗೆಯ ಸಕ್ಕರೆಯ ಅಣು. ಹಕ್ಕಿಯ ಕರುಳಿನಲ್ಲಿ, ಉಸಿರಾಟದ ದಾರಿಯಲ್ಲಿ ಇರುವ ಕೊಕ್ಕೆಯ ಆಕಾರ ಒಂದು. ಮನುಷ್ಯರ ಮೂಗು, ಗಂಟಲಿನಲ್ಲಿ ಹೆಚ್ಚಾಗಿ ಇರುವ ಕೊಕ್ಕೆಯ ಆಕಾರ ಇನ್ನೊಂದು. ಕೋಳಿಯ ವೈರಸ್ ನಮ್ಮ ಮೂಗಿಗೆ ಬಂದರೂ ಹಿಡಿದು ನಿಲ್ಲಲು ಅದಕ್ಕೆ ಜಾಗ ಸಿಗುವುದು ಕಷ್ಟ. ಹೆಚ್ಚಿನವರಿಗೆ ಏನೂ ಆಗದೆ ಹೋಗುವುದು ಇದರಿಂದಲೇ. ಆದರೆ ಹಕ್ಕಿಯ ಬಗೆಯ ಕೊಕ್ಕೆ ನಮ್ಮ ಮೈಯಲ್ಲಿ ಎರಡು ಕಡೆ ಇದೆ. ಒಂದು ಕಣ್ಣಿನ ಬಿಳಿ ಭಾಗವನ್ನು ಮುಚ್ಚುವ ತೆಳು ಪದರ, ಇನ್ನೊಂದು ಶ್ವಾಸಕೋಶದ ತೀರಾ ಒಳಗೆ, ಗಾಳಿಗೂಡುಗಳಲ್ಲಿ. ಕಣ್ಣಿಗೆ ಬಿದ್ದರೆ ಕಣ್ಣು ಕೆಂಪಾಗಿ ಅಲ್ಲಿಗೇ ನಿಲ್ಲಬಹುದು. ಜಾಸ್ತಿ ವೈರಸ್ ಒಟ್ಟಿಗೆ ಆಳಕ್ಕೆ ಹೋದರೆ ನೇರ ನ್ಯುಮೋನಿಯಾ.

ಬಿಸಿಯ ಲೆಕ್ಕವೂ ಇದೆ. ಹಕ್ಕಿಯ ಮೈ 41, 42 ಡಿಗ್ರಿ ಇರುತ್ತದೆ. ನಮ್ಮ ಮೂಗಿನ ಒಳಗೆ ಸುಮಾರು 33. ಹಕ್ಕಿಯ ವೈರಸ್ಸಿಗೆ ಆ ತಂಪಿನಲ್ಲಿ ತನ್ನನ್ನು ತಾನು ನಕಲು ಮಾಡಿಕೊಳ್ಳುವುದು ಸರಿಯಾಗಿ ಆಗುವುದಿಲ್ಲ. ಪಿಬಿ2 ಅನ್ನುವ ಅದರ ಪ್ರೋಟೀನಿನಲ್ಲಿ 627ನೇ ಸ್ಥಾನದ ಒಂದೇ ಒಂದು ಅಕ್ಷರ ಬದಲಾದರೆ ತಂಪಿನಲ್ಲೂ ಕೆಲಸ ಸಲೀಸಾಗುತ್ತದೆ. ಮನುಷ್ಯರಿಂದ ಬಂದ ಮಾದರಿಗಳಲ್ಲಿ ನಾವು ಮೊದಲು ಹುಡುಕುವ ಗುರುತುಗಳಲ್ಲಿ ಇದೂ ಒಂದು. ಹಕ್ಕಿಯಿಂದ ಮನುಷ್ಯರಿಗೆ ಒಂದೊಂದು ಸಲ ದಾಟಿದಾಗಲೂ ಆ ಅಕ್ಷರ ಬದಲಾಗಲು ಒಂದು ಅವಕಾಶ ಕೊಟ್ಟಂತೆ. ಹಾಗಾಗಿ ಇದು ಆ ಒಬ್ಬ ತಾಯಿಯ ಮನೆಯ ವಿಷಯ ಮಾತ್ರ ಅಲ್ಲ.

ನೀವು ಎತ್ತಿದ ಸಾವಿರ ಕೋಳಿಗಳಲ್ಲಿ ಹಕ್ಕಿ ಜ್ವರದ್ದು ಒಂದೂ ಇರಲಿಲ್ಲವೇನೋ. ಇದ್ದಿದ್ದರೆ ನಿಮಗೆ ಗೊತ್ತಾಗುತ್ತಿತ್ತು. ಜೋರಾದ ತಳಿ ಬಂದರೆ ಎರಡು ಮೂರು ದಿನದಲ್ಲಿ ಗೂಡೇ ಖಾಲಿಯಾಗುತ್ತದೆ.

ಮೂವತ್ತು ವರ್ಷದ ಗೂಡು

ಒಪ್ಪಿದೆ. ಗೂಡೇ ಖಾಲಿಯಾದದ್ದು ನನಗೆ ಆಗಿಲ್ಲ. ಒಂದು ಸಲ ನನ್ನ ಸ್ನೇಹಿತನಿಗೆ ಆಯಿತು. ಅವನ ಬಗ್ಗೆ ಆಮೇಲೆ ಬರೆಯುತ್ತೇನೆ, ಈಗ ಮನಸ್ಸು ಬರುತ್ತಿಲ್ಲ.

ರಾತ್ರಿಪಾಳಿ ನರ್ಸ್

ಕೋಳಿ ಸತ್ತು ಗೊತ್ತಾದರೆ ಪುಣ್ಯ ಅನ್ನಬೇಕು. 2013ರಲ್ಲಿ ಚೀನಾದಲ್ಲಿ ಬಂದ ಎಚ್7ಎನ್9 ಅನ್ನುವ ಇನ್ನೊಂದು ಹಕ್ಕಿ ಜ್ವರದ ತಳಿಯಲ್ಲಿ ಕೋಳಿಗಳಿಗೆ ಏನೂ ಆಗುತ್ತಿರಲಿಲ್ಲ. ತಿನ್ನುತ್ತಿದ್ದವು, ಮೊಟ್ಟೆ ಇಡುತ್ತಿದ್ದವು. ಮನುಷ್ಯರು ಆಸ್ಪತ್ರೆಗೆ ಬಂದ ಮೇಲೆಯೇ ಕೋಳಿಗಳಲ್ಲಿ ವೈರಸ್ ಇದೆ ಅಂತ ಗೊತ್ತಾಗಿದ್ದು. 1500ಕ್ಕೂ ಹೆಚ್ಚು ಜನರಿಗೆ ಬಂತು, ಹತ್ತರಲ್ಲಿ ಸುಮಾರು ನಾಲ್ವರು ಉಳಿಯಲಿಲ್ಲ. ಜೀವಂತ ಕೋಳಿ ಮಾರುಕಟ್ಟೆ ಮುಚ್ಚಿದ ಊರುಗಳಲ್ಲಿ ಹೊಸ ರೋಗಿಗಳು ಬರುವುದು ಥಟ್ಟನೆ ಇಳಿಯಿತು. 2017ರಲ್ಲಿ ಕೋಳಿಗಳಿಗೆ ಲಸಿಕೆ ಹಾಕಲು ಶುರು ಮಾಡಿದ ಮೇಲೆ ಮುಂದಿನ ಚಳಿಗಾಲದಲ್ಲಿ ಬೆರಳೆಣಿಕೆಯಷ್ಟು ಜನ ಮಾತ್ರ. ಲಸಿಕೆ ಬಿದ್ದದ್ದು ಕೋಳಿಗೆ, ಉಳಿದದ್ದು ಮನುಷ್ಯನ ಜೀವ.

ಹಿತ್ತಲಕೋಳಿ ಅವರಿಗೆ ನನ್ನ ಕಡೆಯಿಂದ ಒಂದು ಮಾತು. ಇವತ್ತಿನಿಂದ 10 ದಿನ ನಿಮ್ಮ, ಮಗಳ ಜ್ವರ ದಿನಕ್ಕೆ ಎರಡು ಸಲ ನೋಡಿ ಬರೆದಿಡಿ. ಸಾಮಾನ್ಯವಾಗಿ 2ರಿಂದ 5 ದಿನದಲ್ಲಿ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ತಡವಾಗುತ್ತದೆ. ಕಣ್ಣು ಕೆಂಪಾಗುವುದು ಅದಕ್ಕೂ ಬೇಗ. ಜ್ವರ, ಕೆಮ್ಮು, ಮೈನೋವು, ಕಣ್ಣುರಿ, ಭೇದಿ, ಏನೇ ಬಂದರೂ ಡಾಕ್ಟರ ಹತ್ತಿರ ಕೂತ ಕೂಡಲೇ ಮೊದಲ ವಾಕ್ಯವೇ "ನಮ್ಮ ಮನೆಯಲ್ಲಿ ಕೋಳಿ ಸತ್ತಿವೆ, ನಾವು ಮುಟ್ಟಿದ್ದೇವೆ" ಅಂತಿರಲಿ. ಹೋಗುವ ಮುಂಚೆ ಫೋನಿನಲ್ಲೂ ಹೇಳಿ, ಮಾಸ್ಕು ಹಾಕಿಕೊಂಡು ಹೋಗಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ವಾರ್ಡಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಜ್ವರ, ಕೆಮ್ಮು ಅಂತ ಬಂದವರನ್ನು ನಾವು ಎಲ್ಲ ಕೇಳುತ್ತೇವೆ. ಸಕ್ಕರೆ ಕಾಯಿಲೆ ಇದೆಯಾ, ಬಿಪಿ ಇದೆಯಾ, ಯಾವ ಮಾತ್ರೆ ತಗೊಂಡಿರಿ. ಮನೆಯಲ್ಲಿ ಯಾವ ಪ್ರಾಣಿ ಇದೆ ಅಂತ ಎಷ್ಟೋ ಸಲ ಯಾರೂ ಕೇಳುವುದಿಲ್ಲ. ಕೇಳದಿದ್ದರೆ ಅವರೂ ಹೇಳುವುದಿಲ್ಲ, ಕೋಳಿ ಸತ್ತದ್ದಕ್ಕೂ ತಮ್ಮ ಜ್ವರಕ್ಕೂ ಏನು ಸಂಬಂಧ ಅಂತ ಅವರಿಗೆ ಹೊಳೆಯುವುದೇ ಇಲ್ಲ. ಫ್ಲೂ ವೈರಸ್ಸನ್ನು ತಡೆಯುವ ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ತಡವಾದರೂ ಕೊಡುತ್ತಾರೆ, ಆದರೆ ಆ ಎರಡು ದಿನ ತುಂಬಾ ದೊಡ್ಡದು. ಆಂಟಿಬಯಾಟಿಕ್ ನುಂಗಿ ಮನೆಯಲ್ಲಿ ಮಲಗಿದರೆ ಆ ಹೊತ್ತು ಕೈಬಿಟ್ಟು ಹೋಗುತ್ತದೆ.

ಹಾಲುಕರೆಯುವವ

ಕಣ್ಣಿನ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಕೋಳಿ ಇಲ್ಲ, ಹಸು ಇವೆ. 2024ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಹಸುಗಳಲ್ಲಿ ಎಚ್5ಎನ್1 ಸಿಕ್ಕಿದ ಸುದ್ದಿ ಓದಿದಾಗ ನಂಬಲಿಲ್ಲ. ಹಕ್ಕಿಯ ಕಾಯಿಲೆ ಹಸುವಿನ ಕೆಚ್ಚಲಿಗೆ! ಹಾಲು ಗಿಣ್ಣಿನ ಹಾಗೆ ಹಳದಿಯಾಗಿ ಗಟ್ಟಿಯಾಗುತ್ತಿತ್ತಂತೆ, ಹಸು ಮೇವು ಬಿಡುತ್ತಿತ್ತಂತೆ. ಟೆಕ್ಸಾಸ್‌ನಲ್ಲಿ ಡೇರಿ ಕೆಲಸದವನೊಬ್ಬನಿಗೆ ಬಂತು. ಅವನಿಗೆ ಇದ್ದದ್ದು ಒಂದೇ, ಎರಡೂ ಕಣ್ಣು ರಕ್ತದ ಹಾಗೆ ಕೆಂಪು. ಹಾಲು ಕರೆಯುವಾಗ ಮುಖಕ್ಕೆ ಹನಿ ಸಿಡಿಯುವುದು ನಮಗೆ ದಿನನಿತ್ಯದ ಮಾತು. ಕೆಚ್ಚಲಿಗೆ ಮುಖ ಎಷ್ಟು ಹತ್ತಿರ ಇರುತ್ತದೆ, ಕರೆದವರಿಗೆ ಗೊತ್ತು. ಸಿಡಿದರೆ ತೋಳಿನಿಂದ ಒರೆಸಿಕೊಂಡು ಮುಂದುವರಿಯುತ್ತೇವೆ. ಅದನ್ನು ಓದಿದ ಮೇಲೆ ಕನ್ನಡಕ ಹಾಕಿಕೊಂಡೇ ಕರೆಯುತ್ತೇನೆ.

ಅಲ್ಲಿ ಹಸಿ ಹಾಲು ಕುಡಿದ ಕೊಟ್ಟಿಗೆಯ ಬೆಕ್ಕುಗಳು ಸತ್ತಿದ್ದವು. ನಾನು ಕರೆದ ಕೂಡಲೇ ಬೆಕ್ಕಿಗೆ ಒಂದು ಬಟ್ಟಲು ಸುರಿಯುತ್ತಿದ್ದೆ. ಈಗ ಅದಕ್ಕೂ ಕಾಯಿಸಿಯೇ ಕೊಡುತ್ತೇನೆ.

ಲ್ಯಾಬ್‌ಮೇಜು

ಹಸುವಿನ ಕೆಚ್ಚಲಿನಲ್ಲಿ ಹಕ್ಕಿಯ ಬಗೆಯ ಕೊಕ್ಕೆಗಳು ತುಂಬಾ ಇವೆ ಅನ್ನುವುದು ಆಮೇಲೆ ಪರೀಕ್ಷೆ ಮಾಡಿ ನೋಡಿದಾಗ ಕಂಡಿತು. ಮನುಷ್ಯರ ಬಗೆಯದೂ ಇದೆ. ಪಾಶ್ಚರೀಕರಣ ಮಾಡಿದರೆ, ಕುದಿಸಿದರೆ ವೈರಸ್ ಉಳಿಯುವುದಿಲ್ಲ. ಹಸಿ ಹಾಲು ಮಾತ್ರ ಬೇಡ.

2025ರ ಶುರುವಿನ ಹೊತ್ತಿಗೆ ಅಮೆರಿಕದಲ್ಲಿ 70ರಷ್ಟು ಜನರಿಗೆ ತಗುಲಿತ್ತು. ಹೆಚ್ಚಿನವರು ಡೇರಿ, ಕೋಳಿ ಫಾರಂ ಕೆಲಸದವರು, ಹೆಚ್ಚಿನವರಿಗೆ ಕಾಯಿಲೆ ಹಗುರ. ಅಲ್ಲಿ ಮೊದಲು ತೀರಿಕೊಂಡವರು ಲೂಸಿಯಾನಾದ 65 ದಾಟಿದ ಒಬ್ಬರು, 2025ರ ಜನವರಿಯಲ್ಲಿ. ಅವರಿಗೆ ಬಂದದ್ದು ದೊಡ್ಡ ಫಾರಂನಿಂದ ಅಲ್ಲ. ಮನೆಯ ಹಿತ್ತಲಲ್ಲಿ ಸಾಕಿದ ಕೋಳಿಗಳ, ಕಾಡುಹಕ್ಕಿಗಳ ಒಡನಾಟ ಅವರಿಗಿತ್ತು. ಫಾರಂ ಆದರೆ ಯಾರೋ ಬಂದು ಪರೀಕ್ಷೆ ಮಾಡುತ್ತಾರೆ. ಹಿತ್ತಲಲ್ಲಿ ಮಾಡುವವರು ಯಾರು? ಹಿತ್ತಲಕೋಳಿ ಅವರು ಇಲ್ಲಿ ಬರೆದದ್ದು ಎಷ್ಟು ಒಳ್ಳೆಯದಾಯಿತು ಅಂತ ನಾನು ಯೋಚಿಸುತ್ತಿದ್ದೇನೆ.

ಎರಡು ಮಕ್ಕಳ ತಾಯಿ

ಒಬ್ಬರಿಂದ ಒಬ್ಬರಿಗೆ ಹರಡುತ್ತದಾ? ನನ್ನ ಮಗ ಅವರ ಮಗಳಂಥ ಒಬ್ಬಳ ಜೊತೆ ಶಾಲೆಗೆ ಹೋದರೆ? ತಪ್ಪು ತಿಳಿಯಬೇಡಿ, ತಾಯಿ ಮನಸ್ಸು.

ರಾತ್ರಿಪಾಳಿ ನರ್ಸ್

ಇದುವರೆಗೆ ಅದು ಜನರ ಮಧ್ಯೆ ಸಲೀಸಾಗಿ ಹರಡುವುದನ್ನು ಕಲಿತಿಲ್ಲ. ಆಗಿದೆ, ಆದರೆ ತೀರಾ ಅಪರೂಪ. 2004ರಲ್ಲಿ ಥಾಯ್ಲೆಂಡಿನಲ್ಲಿ 11 ವರ್ಷದ ಹುಡುಗಿಗೆ ಮನೆಯ ಕೋಳಿಗಳಿಂದ ಬಂತು. ತಾಯಿ ದೂರದ ನಗರದಲ್ಲಿ ಕೆಲಸಕ್ಕಿದ್ದರು, ಕೋಳಿಯ ಹತ್ತಿರ ಸುಳಿದವರೇ ಅಲ್ಲ. ಮಗಳಿಗೆ ಹುಷಾರಿಲ್ಲ ಅಂತ ಓಡಿ ಬಂದು, ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ಗಂಟೆಗಟ್ಟಲೆ ಕೂತು ಆರೈಕೆ ಮಾಡಿದರು. ಹುಡುಗಿಯೂ ತೀರಿಕೊಂಡಳು, ತಾಯಿಯೂ ತೀರಿಕೊಂಡರು. ಅಲ್ಲೇ ನೋಡಿಕೊಂಡಿದ್ದ ಚಿಕ್ಕಮ್ಮ ಬದುಕಿದರು. ಅದರಾಚೆಗೆ ಅದು ಹರಡಲಿಲ್ಲ. ಅಷ್ಟು ಹತ್ತಿರ, ಅಷ್ಟು ಹೊತ್ತು ಬೇಕಾಯಿತು. ಜ್ವರ ಇಲ್ಲದ ಮಗುವಿನ ಪಕ್ಕದಲ್ಲಿ ಕೂತು ಪಾಠ ಕೇಳಿದರೆ ಬರುವಂಥದ್ದಲ್ಲ. ಆ ಮಗುವನ್ನು ದೂರ ಇಡಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ದೂರ ಇಟ್ಟರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಎರಡು ಮಕ್ಕಳ ತಾಯಿ

ಅರ್ಥವಾಯಿತು. ಮಗಳು ಹೇಗಿದ್ದಾಳೆ ಅಂತ ದಿನಾ ತಿಳಿಸಿ, ಹಿತ್ತಲಕೋಳಿ ಅವರೇ.

ಹಿತ್ತಲಕೋಳಿ (2ನೇ ದಿನ)

ಇಬ್ಬರಿಗೂ ಜ್ವರ ಇಲ್ಲ. ಬೆಳಗ್ಗೆ ಇನ್ನೂ ಎರಡು ಸತ್ತಿದ್ದವು. ಒಟ್ಟು ಆರು. ಪಶು ಆಸ್ಪತ್ರೆಯವರು ಬಂದು ಮಾದರಿ ತೆಗೆದರು, ಸತ್ತವುಗಳಲ್ಲಿ ಒಂದನ್ನು ತೆಗೆದುಕೊಂಡು ಹೋದರು. ಹಕ್ಕಿ ಜ್ವರ ಅಂತ ಬಂದರೆ ಉಳಿದವನ್ನೂ ಕೊಲ್ಲಬೇಕಾಗುತ್ತದೆ ಅಂದರು. ಮಗಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಾಳೆ. ಅವಳಿಗೆ ಏನು ಹೇಳಲಿ?

ಮೂವತ್ತು ವರ್ಷದ ಗೂಡು

ನಿಜ ಹೇಳಿ. ಮಕ್ಕಳು ನಿಜ ತಡೆದುಕೊಳ್ಳುತ್ತಾರೆ.

ಈಗ ನನ್ನ ಸ್ನೇಹಿತನ ವಿಷಯ. ಅವನ ಶೆಡ್ಡಿನಲ್ಲಿ ಒಂದು ದಿನ 40 ಸತ್ತವು, ಮರುದಿನ 300. ಮೊದಲ ದಿನವೇ ಅವನಿಗೆ ಅನುಮಾನ ಬಂದಿತ್ತು. ಆದರೆ ಹೇಳಿದರೆ ಎಲ್ಲ ಹೋಗುತ್ತದೆ, ಪರಿಹಾರ ಯಾವಾಗ ಬರುತ್ತದೋ, ಎಷ್ಟು ಬರುತ್ತದೋ ಗೊತ್ತಿಲ್ಲ. ಎರಡು ದಿನ ಸುಮ್ಮನಿದ್ದ. ಆ ಎರಡು ದಿನ ಅವನೂ ಕೆಲಸದ ಹುಡುಗರೂ ಬುಟ್ಟಿ ಬುಟ್ಟಿ ಸತ್ತ ಕೋಳಿ ಹೊತ್ತು ಹಾಕಿದರು, ಮೂಗಿಗೆ ಒಂದು ಬಟ್ಟೆಯೂ ಇಲ್ಲದೆ. ಯಾರಿಗೂ ಏನೂ ಆಗಲಿಲ್ಲ, ದೇವರ ದಯೆ. ಕೊನೆಗೆ ತಂಡ ಬಂದು ಉಳಿದದ್ದನ್ನು ಕೊಂದು ಹೂತರು. ಸಂಜೆ ನಾನು ಹೋದಾಗ ಶೆಡ್ಡಿನಲ್ಲಿ ಫ್ಯಾನು ಮಾತ್ರ ತಿರುಗುತ್ತಿತ್ತು. ಒಂದೂ ಸದ್ದಿಲ್ಲ. ಕೋಳಿ ಸಾಕಿದವರಿಗೆ ಆ ಮೌನ ಎಂಥದ್ದು ಅಂತ ಗೊತ್ತು. ಹುಡುಗರ ಮುಖ ನೋಡಲು ಆಗುತ್ತಿಲ್ಲ ಅಂತ ಅತ್ತ. ನಿನ್ನೆ ನಾನು "ಹೆದರಿಸಬೇಡಿ" ಅಂದೆನಲ್ಲ, ಅದರ ಹಿಂದೆ ಇದೂ ಇತ್ತು ಅನ್ನಿಸುತ್ತದೆ. ನಮ್ಮಂಥವರಿಗೆ ಹಕ್ಕಿ ಜ್ವರ ಅನ್ನುವ ಪದ ಕೇಳಿದರೆ ಮೈಗೆ ಕಾಯಿಲೆ ಬರುವುದಕ್ಕಿಂತ ಮೊದಲು ಗೂಡು ಖಾಲಿಯಾಗುವುದು ಕಣ್ಣಿಗೆ ಬರುತ್ತದೆ.

ಪಶುವೈದ್ಯೆ

ಈ ಮಾತಿಗೆ ನಿಮಗೆ ಧನ್ಯವಾದ. ಪರಿಹಾರ ಬೇಗ ಕೈಗೆ ಬಂದರೆ ಸುದ್ದಿಯೂ ಬೇಗ ಬರುತ್ತದೆ. ನನ್ನ ಕೆಲಸದಲ್ಲಿ ಇದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಕೊಲ್ಲುವ ತಂಡಕ್ಕೂ ಅಪಾಯ ಕಡಿಮೆ ಏನಲ್ಲ. 2003ರಲ್ಲಿ ನೆದರ್ಲೆಂಡಿನಲ್ಲಿ ಎಚ್7ಎನ್7 ಬಂದು ಸುಮಾರು 3 ಕೋಟಿ ಹಕ್ಕಿಗಳು ಹೋದವು. 89 ಜನರಿಗೆ ತಗುಲಿತು, ಹೆಚ್ಚಿನವರಿಗೆ ಬರೀ ಕಣ್ಣು ಕೆಂಪು. ಒಬ್ಬರು ಮಾತ್ರ ನ್ಯುಮೋನಿಯಾ ಆಗಿ ತೀರಿಕೊಂಡರು. ಅವರು ನನ್ನ ಹಾಗೆ ಪಶುವೈದ್ಯರು, ರೋಗ ಬಂದ ಫಾರಂ ನೋಡಲು ಹೋಗಿದ್ದವರು. ಮಾಸ್ಕಿನ ಪಟ್ಟಿ ಬಿಗಿ ಮಾಡುವಾಗ ಪ್ರತಿ ಸಲ ಅವರು ನೆನಪಾಗುತ್ತಾರೆ.

ಮಗಳಿಗೆ ಹೀಗೆ ಹೇಳಿ ನೋಡಿ: ಕೋಳಿಗಳಿಗೆ ತುಂಬಾ ನೋವಿನ ಕಾಯಿಲೆ ಬಂದಿದೆ, ಅದಕ್ಕೆ ಔಷಧಿ ಇಲ್ಲ, ಅವು ಬಿದ್ದು ಒದ್ದಾಡದ ಹಾಗೆ ಬೇಗ ಮಲಗಿಸುತ್ತಾರೆ. ನೀನು ಸವರಿದ್ದು ತಪ್ಪಲ್ಲ ಅಂತಲೂ ಹೇಳಿ. ಮಕ್ಕಳು ತಪ್ಪನ್ನು ಒಳಗೇ ಇಟ್ಟುಕೊಳ್ಳುತ್ತಾರೆ.

ಹಿತ್ತಲಕೋಳಿ (6ನೇ ದಿನ)

ವರದಿ ಬಂತು. ಹಕ್ಕಿ ಜ್ವರ ಅಲ್ಲ, ಕೊಕ್ಕರೆ ರೋಗ. ಫೋನ್ ಇಟ್ಟ ಮೇಲೆ ಮಗಳನ್ನು ತಬ್ಬಿಕೊಂಡು ಎಷ್ಟೋ ಹೊತ್ತು ಕೂತೆ. 14ರಲ್ಲಿ ಎರಡು ಉಳಿದಿವೆ. ಇಬ್ಬರಿಗೂ ಜ್ವರ ಇಲ್ಲ, ಆದರೂ ಥರ್ಮಾಮೀಟರ್ ಪುಸ್ತಕ ನಿಲ್ಲಿಸಿಲ್ಲ, ಅದನ್ನು ಈಗ ಮಗಳೇ ಬರೆಯುತ್ತಾಳೆ.

ಗೂಡು ತೊಳೆಯಬೇಕು. ಮರಿ ಮತ್ತೆ ಯಾವಾಗ ತರಬಹುದು?

ಪಶುವೈದ್ಯೆ

ಮನಸ್ಸು ಹಗುರಾಯಿತು! ಪುಸ್ತಕ 10ನೇ ದಿನದವರೆಗೆ ಇರಲಿ. ಕೊಕ್ಕರೆ ರೋಗದ ವೈರಸ್ಸೂ ಮನುಷ್ಯರ ಕಣ್ಣಿಗೆ ಬಿದ್ದರೆ ಕೆಲವು ದಿನ ಕೆಂಪಾಗಬಹುದು, ಅದಕ್ಕಿಂತ ಹೆಚ್ಚೇನೂ ಸಾಮಾನ್ಯವಾಗಿ ಆಗದು.

ಗೂಡನ್ನು ಒಣಗಿದ್ದಾಗ ಗುಡಿಸಬೇಡಿ. ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿ, ಆಮೇಲೆ ಹಿಕ್ಕೆ ಕೆರೆದು ತೆಗೆಯಿರಿ. ಸೋಪು ನೀರಲ್ಲಿ ಉಜ್ಜಿ ತೊಳೆದ ನಂತರವೇ ಬ್ಲೀಚು. ಹಿಕ್ಕೆಯ ಮೇಲೆ ಬ್ಲೀಚು ಸುರಿದರೆ ಅದು ಹಿಕ್ಕೆಗೇ ಖರ್ಚಾಗಿ ಹೋಗುತ್ತದೆ. ಮಾಸ್ಕು, ಕನ್ನಡಕ, ಕೈಗವಸು ಹಾಕಿಕೊಂಡೇ ಮಾಡಿ. ಆಮೇಲೆ ಬಿಸಿಲಿಗೆ ಬಿಟ್ಟು ಕೆಲವು ವಾರ ಖಾಲಿ ಇಡಿ. ಉಳಿದ ಎರಡು ರೋಗದಿಂದ ಎದ್ದವು, ಅವುಗಳ ಜೊತೆ ಹೊಸ ಮರಿಗಳನ್ನು ಸೇರಿಸುವ ಮುಂಚೆ ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ. ಮರಿ ತಂದರೆ ಕೊಕ್ಕರೆ ರೋಗದ ಲಸಿಕೆ ಮೊದಲ ವಾರದಲ್ಲೇ ಹಾಕಿಸಿ. ನೀರಿನ ಪಾತ್ರೆಯನ್ನು ಗೂಡಿನ ಒಳಗೆ ಇಡಿ, ಕಾಡುಹಕ್ಕಿಗಳೂ ಬಾತುಕೋಳಿಗಳೂ ಬಂದು ಕುಡಿಯದ ಹಾಗೆ. ಬಾತುಕೋಳಿ ಎಷ್ಟೋ ಸಲ ತಾನು ಚೆನ್ನಾಗಿದ್ದುಕೊಂಡೇ ವೈರಸ್ ಹೊತ್ತಿರುತ್ತದೆ.

ಹಾಲುಕರೆಯುವವ

ಗೂಡು ತೊಳೆಯಲು ಹೋಗುವಾಗ ಬೇರೆ ಚಪ್ಪಲಿ ಇಟ್ಟುಕೊಳ್ಳಿ, ಗೂಡಿಗೆ ಅಂತಲೇ. ಮನೆಯೊಳಗೆ ಅದು ಬರಬಾರದು. ನಾನು ಕೊಟ್ಟಿಗೆಗೆ ಹಾಗೇ ಮಾಡಿದ್ದೇನೆ.

ಹಿತ್ತಲಕೋಳಿ

ಸರಿ, ಚಪ್ಪಲಿ ಬಾಗಿಲ ಹೊರಗೇ ಇಡುತ್ತೇನೆ. ಮಗಳು ಕೇಳುತ್ತಿದ್ದಾಳೆ, ಹೊಸ ಮರಿಗಳನ್ನು ಎತ್ತಿಕೊಳ್ಳಬಹುದಾ ಅಂತ.

ಪಶುವೈದ್ಯೆ

ಎತ್ತಿಕೊಳ್ಳಲಿ. ಮುಖಕ್ಕೆ ಒತ್ತಿಕೊಂಡು ಮುತ್ತಿಡುವುದು ಮಾತ್ರ ಬೇಡ. ಕೆಳಗೆ ಬಿಟ್ಟ ಕೂಡಲೇ ಸೋಪು ಹಾಕಿ ಕೈ ತೊಳೆಯಬೇಕು, ಕಣ್ಣು ಉಜ್ಜುವುದಕ್ಕೂ ಮುಂಚೆ. ಯಾವುದಾದರೂ ಮರಿ ಮಂಕಾಗಿ ಕೂತಿದ್ದರೆ ಮುಟ್ಟದೆ ಓಡಿ ಬಂದು ಅಮ್ಮನಿಗೆ ಹೇಳಬೇಕು ಅಂತ ಹೇಳಿ.